ದೂರದ ಎರಡು ನಗರಗಳ ನಡುವಿನ ವಿಮಾನ ದೂರ, ಹಾರಾಟದ ಅವಧಿ: ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಲಂಡನ್ನಿನಿಂದ ಟೋಕಿಯೋಗೆ ಎಷ್ಟು ದೂರ ಎಂದು ಹುಡುಕಿ ನೋಡಿ. ಒಂದು ಕಡೆ 9,600 ಎಂದಿರುತ್ತದೆ, ಇನ್ನೊಂದು ಕಡೆ 5,970, ಮತ್ತೊಂದು ಕಡೆ 5,180. ಮೂರೂ ಸರಿಯೇ. ಮೊದಲನೆಯದು ಕಿಲೋಮೀಟರ್, ಎರಡನೆಯದು ಸಾಮಾನ್ಯ ಮೈಲಿ, ಮೂರನೆಯದು ಹಡಗು, ವಿಮಾನಗಳ ಲೆಕ್ಕದ ನಾಟಿಕಲ್ ಮೈಲಿ. ಹಾರಾಟದ ಅವಧಿಗೆ ಬಂದರೆ ಗೊಂದಲ ಇನ್ನೂ ಹೆಚ್ಚು. ಹಳೆಯ ಪುಟಗಳಲ್ಲಿ 12 ಗಂಟೆ, ಹೊಸ ವೇಳಾಪಟ್ಟಿಯಲ್ಲಿ 14 ಗಂಟೆ. ಬೆಳಗ್ಗೆ 11ಕ್ಕೆ ಹೊರಟು ಮರುದಿನ ಬೆಳಗ್ಗೆ 10ಕ್ಕೆ ಇಳಿಯುವ ಟಿಕೆಟ್ ಕೈಯಲ್ಲಿದ್ದರೆ, 23 ಗಂಟೆ ಪ್ರಯಾಣ ಎಂದು ಹೆದರುವವರೂ ಇದ್ದಾರೆ.

ತಪ್ಪು ಹೆಚ್ಚಾಗಿ ಗುಣಾಕಾರ, ಭಾಗಾಕಾರದಲ್ಲಿ ಆಗುವುದಿಲ್ಲ, ಕ್ರಮದಲ್ಲಿ ಆಗುತ್ತದೆ. ನಿಲ್ದಾಣ ಯಾವುದೆಂದು ಖಚಿತಪಡಿಸಿಕೊಳ್ಳದೆ ದೂರ ಹುಡುಕುತ್ತಾರೆ, ದಾರಿ ಯಾವುದೆಂದು ನೋಡದೆ ವೇಗದಿಂದ ಭಾಗಿಸುತ್ತಾರೆ, ಗಾಳಿಯನ್ನು ಮರೆತು ಗಡಿಯಾರಕ್ಕೆ ಹೋಗುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅವಸರವಿದ್ದರೆ ಗಾಳಿಯ ಹಂತವನ್ನು ಬಿಡಬಹುದು. ಮೊದಲನೆಯದನ್ನೂ ಗಡಿಯಾರದ ಹಂತವನ್ನೂ ಮಾತ್ರ ಬಿಡಬೇಡಿ.

## ಬೇಕಾದ ಸಲಕರಣೆಗಳು

ಸೈನ್, ಕೊಸೈನ್ ಇರುವ ಕ್ಯಾಲ್ಕುಲೇಟರ್ ಅಥವಾ ಸ್ಪ್ರೆಡ್‌ಶೀಟ್. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ. ಪ್ರಯಾಣದ ದಿನಾಂಕಕ್ಕೆ ಎರಡೂ ಊರುಗಳ ಹೊತ್ತಿಗೂ ಯುಟಿಸಿಗೂ (ಜಗತ್ತಿಗೆಲ್ಲ ಒಂದೇ ಆದ ಉಲ್ಲೇಖ ಸಮಯ) ಇರುವ ವ್ಯತ್ಯಾಸ. ಕೊನೆಯಲ್ಲಿ ತಾಳೆ ನೋಡಲು ವಿಮಾನಗಳ ಜಾಡು ತೋರಿಸುವ ಯಾವುದಾದರೂ ತಾಣ, ಉದಾಹರಣೆಗೆ ಫ್ಲೈಟ್‌ರೇಡಾರ್24 ಅಥವಾ ಫ್ಲೈಟ್‌ಅವೇರ್.

ಮನೆಯಲ್ಲಿ ಗ್ಲೋಬ್ ಇದ್ದರೆ ಅದನ್ನೂ ಒಂದು ದಾರವನ್ನೂ ಹತ್ತಿರ ಇಟ್ಟುಕೊಳ್ಳಿ. ಸೂತ್ರದಲ್ಲಿ ಎಡವಿದಾಗ ಮೊದಲು ಎಚ್ಚರಿಸುವುದು ಅದೇ. ಗೋಡೆಗೆ ಹಾಕುವ ಚಪ್ಪಟೆ ಭೂಪಟ ಈ ಕೆಲಸಕ್ಕೆ ಬೇಡವೇ ಬೇಡ.

## ಹಂತ 1: ನಗರದ ಹೆಸರು ಬಿಡಿ, ನಿಲ್ದಾಣದ ಕೋಡ್ ಹಿಡಿಯಿರಿ

ವಿಮಾನ ನಗರದಿಂದ ನಗರಕ್ಕೆ ಹಾರುವುದಿಲ್ಲ, ನಿಲ್ದಾಣದಿಂದ ನಿಲ್ದಾಣಕ್ಕೆ ಹಾರುತ್ತದೆ. ಟೋಕಿಯೋಗೆ ಹನೇಡಾ, ನರಿಟಾ ಎಂದು ಎರಡು ನಿಲ್ದಾಣಗಳಿವೆ. ಹನೇಡಾ ನಗರದ ಅಂಚಿನಲ್ಲೇ ಇದೆ, ನರಿಟಾ ನಗರದ ನಡುವಿನಿಂದ ಸುಮಾರು 60 ಕಿ.ಮೀ. ಆಚೆ. ಆಕಾಶದಲ್ಲಿ ಈ ವ್ಯತ್ಯಾಸ ಕೆಲವೇ ನಿಮಿಷ. ನೆಲಕ್ಕೆ ಇಳಿದ ಮೇಲೆ ಅದೇ ಒಂದು ಗಂಟೆಯ ಮೇಲಾಗುತ್ತದೆ. ಮನೆಯಿಂದ ಮನೆಗೆ ಎಷ್ಟು ಹೊತ್ತು ಎಂಬುದು ನಿಮ್ಮ ಪ್ರಶ್ನೆಯಾದರೆ ಇದನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಒಂದೇ ಹೆಸರಿನ ಊರುಗಳು ಇದಕ್ಕಿಂತ ದೊಡ್ಡ ಅಪಾಯ. ಆಸ್ಟ್ರೇಲಿಯಾದ ಸಿಡ್ನಿಗೆ ಹೊರಟವರು ಕೆನಡಾದ ನೋವಾ ಸ್ಕೋಶಿಯಾದಲ್ಲಿರುವ ಸಿಡ್ನಿಯಲ್ಲಿ ಹೋಗಿ ಇಳಿದದ್ದು ಒಂದಕ್ಕಿಂತ ಹೆಚ್ಚು ಸಲ ಸುದ್ದಿಯಾಗಿದೆ. ಸ್ಯಾನ್ ಹೋಸೆ ಕ್ಯಾಲಿಫೋರ್ನಿಯಾದಲ್ಲೂ ಇದೆ, ಕೋಸ್ಟರಿಕಾದಲ್ಲೂ ಇದೆ. ಅಮೆರಿಕದ ಎರಡು ತುದಿಗಳಲ್ಲಿ ಎರಡು ಪೋರ್ಟ್‌ಲ್ಯಾಂಡ್‌ಗಳಿವೆ. ಮೂರಕ್ಷರದ ಕೋಡ್ ನೋಡಿದರೆ ಈ ಗೊಂದಲ ಅಲ್ಲಿಗೇ ಮುಗಿಯುತ್ತದೆ: ಆಸ್ಟ್ರೇಲಿಯಾದ ಸಿಡ್ನಿ ಎಸ್‌ವೈಡಿ, ಕೆನಡಾದ್ದು ವೈಕ್ಯೂವೈ.

ಎಚ್ಚರಿಕೆ: ಕೆಲವು ಕೋಡ್‌ಗಳು ಇಡೀ ನಗರಕ್ಕೆ ಸೇರಿದವು. ಎಲ್‌ಒಎನ್ ಎಂದರೆ ಲಂಡನ್ನಿನ ಎಲ್ಲ ನಿಲ್ದಾಣಗಳೂ ಹೌದು. ಲೆಕ್ಕಕ್ಕೆ ಹೀಥ್ರೂವಿನ ಎಲ್‌ಎಚ್‌ಆರ್ ತರಹದ್ದು, ಒಂದೇ ನಿಲ್ದಾಣದ ಕೋಡ್ ಬೇಕು.

## ಹಂತ 2: ಅಕ್ಷಾಂಶ, ರೇಖಾಂಶಗಳನ್ನು ಸರಿಯಾದ ರೂಪಕ್ಕೆ ತನ್ನಿ

ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣ 40 ಡಿಗ್ರಿ 38 ನಿಮಿಷ ಉತ್ತರ, 73 ಡಿಗ್ರಿ 47 ನಿಮಿಷ ಪಶ್ಚಿಮದಲ್ಲಿದೆ. ಇದನ್ನು 40.38 ಎಂದು ಬರೆದರೆ ತಪ್ಪು. ಒಂದು ಡಿಗ್ರಿಗೆ 60 ನಿಮಿಷ, ಆದ್ದರಿಂದ 38ನ್ನು 60ರಿಂದ ಭಾಗಿಸಬೇಕು. ಆಗ 40.63 ಬರುತ್ತದೆ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ಆದ್ದರಿಂದ ಈ ಸಣ್ಣ ಎಡವಟ್ಟು ನಿಲ್ದಾಣವನ್ನು 28 ಕಿ.ಮೀ. ಸರಿಸಿಬಿಡುತ್ತದೆ.

ಉತ್ತರ ಮತ್ತು ಪೂರ್ವಕ್ಕೆ ಧನ ಚಿಹ್ನೆ, ದಕ್ಷಿಣ ಮತ್ತು ಪಶ್ಚಿಮಕ್ಕೆ ಋಣ ಚಿಹ್ನೆ. ಹೆಚ್ಚು ಜನ ಬೀಳುವ ಗುಂಡಿ ಇದೇ. ಟೋಕಿಯೋ 139.78 ಪೂರ್ವ, ಲಾಸ್ ಏಂಜಲೀಸ್ 118.41 ಪಶ್ಚಿಮ. ಎರಡನೆಯದಕ್ಕೆ ಋಣ ಚಿಹ್ನೆ ಹಾಕಲು ಮರೆತರೆ ಉತ್ತರ ಎರಡು ಸಾವಿರ ಕಿ.ಮೀ.ಗಿಂತ ಕಡಿಮೆ ಬರುತ್ತದೆ. ನಿಜವಾದ ದೂರ 8,800 ಕಿ.ಮೀ. ಆಸುಪಾಸು. ಇಷ್ಟು ದೊಡ್ಡ ತಪ್ಪು ಹೇಗೂ ಕಣ್ಣಿಗೆ ಬೀಳುತ್ತದೆ. ಕಾಡುವುದು ಸಣ್ಣವು. ಹೀಥ್ರೂ 0.45 ಪಶ್ಚಿಮದಲ್ಲಿದೆ, ಅದರ ಋಣ ಚಿಹ್ನೆ ಬಿಟ್ಟರೆ ನ್ಯೂಯಾರ್ಕಿನ ದೂರ ಸುಮಾರು 60 ಕಿ.ಮೀ. ಹೆಚ್ಚಾಗಿ ತೋರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

## ಹಂತ 3: ಮಹಾವೃತ್ತದ ದೂರ ಕಂಡುಹಿಡಿಯಿರಿ

ದುಂಡಗಿನ ಭೂಮಿಯ ಮೇಲೆ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದಾರಿ ಮಹಾವೃತ್ತದ ಒಂದು ತುಂಡು. ಮಹಾವೃತ್ತ ಎಂದರೆ ಭೂಮಿಯನ್ನು ಸರಿಯಾಗಿ ಎರಡು ಸಮಪಾಲು ಮಾಡುವ ವೃತ್ತ. ಚಪ್ಪಟೆ ಭೂಪಟದಲ್ಲಿ ಸ್ಕೇಲ್ ಇಟ್ಟು ಎಳೆದ ಗೆರೆ ಆ ದಾರಿ ಅಲ್ಲ. ನ್ಯೂಯಾರ್ಕಿನಿಂದ ಟೋಕಿಯೋಗೆ ಭೂಪಟದ ಮೇಲೆ ಗೆರೆ ಎಳೆದರೆ ಅದು ಅಮೆರಿಕವನ್ನು ಅಡ್ಡ ದಾಟಿ ಪೆಸಿಫಿಕ್ ಸಾಗರದ ನಡುವೆ ಹೋಗುತ್ತದೆ. ಗ್ಲೋಬಿನ ಮೇಲೆ ದಾರ ಬಿಗಿಹಿಡಿದರೆ ಅದು ಅಲಾಸ್ಕಾದ ಮೇಲೆ ಹಾಯುತ್ತದೆ.

ಸೂತ್ರ ಹೀಗಿದೆ:

ಕೋನ = ವಿಲೋಮ ಕೊಸೈನ್ (ಕ್ಯಾಲ್ಕುಲೇಟರಿನ cos⁻¹) [ ಸೈನ್(ಅಕ್ಷಾಂಶ 1) × ಸೈನ್(ಅಕ್ಷಾಂಶ 2) + ಕೊಸೈನ್(ಅಕ್ಷಾಂಶ 1) × ಕೊಸೈನ್(ಅಕ್ಷಾಂಶ 2) × ಕೊಸೈನ್(ರೇಖಾಂಶಗಳ ವ್ಯತ್ಯಾಸ) ]

ದೂರ = ಕೋನ (ಡಿಗ್ರಿಯಲ್ಲಿ) × 111.195 ಕಿ.ಮೀ.

ಈ 111.195 ಬಂದದ್ದು ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿದಿದ್ದರಿಂದ. ಜೆಎಫ್‌ಕೆಯಿಂದ ಹೀಥ್ರೂಗೆ ಮಾಡಿ ನೋಡೋಣ. ಅಕ್ಷಾಂಶಗಳು 40.64 ಮತ್ತು 51.47 (ಸೆಕೆಂಡುಗಳನ್ನೂ ಸೇರಿಸಿದ್ದರಿಂದ 40.63 ಈಗ 40.64 ಆಗಿದೆ), ರೇಖಾಂಶಗಳ ವ್ಯತ್ಯಾಸ 73.33.

1. ಸೈನ್‌ಗಳ ಗುಣಲಬ್ಧ: 0.6513 × 0.7823 = 0.5095
2. ಕೊಸೈನ್‌ಗಳ ಗುಣಲಬ್ಧ: 0.7588 × 0.6229 × 0.2869 = 0.1356
3. ಮೊತ್ತ 0.6451, ಅದರ ವಿಲೋಮ ಕೊಸೈನ್ 49.83 ಡಿಗ್ರಿ
4. 49.83 × 111.195 = ಸುಮಾರು 5,540 ಕಿ.ಮೀ.

ಬೇರೆಡೆ ಇದೇ ಜೋಡಿಗೆ 5,555 ಎಂದು ಕಂಡರೆ ಗಾಬರಿ ಬೇಡ. ಭೂಮಿ ಪೂರ್ತಿ ಗೋಳವಲ್ಲ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವಗಳಲ್ಲಿ 6,357. ಈ ಚಪ್ಪಟೆತನವನ್ನು ಲೆಕ್ಕಕ್ಕೆ ಹಿಡಿಯುವ ಸಾಧನಗಳು ತುಸು ಬೇರೆ ಉತ್ತರ ಕೊಡುತ್ತವೆ. 5,540ಕ್ಕೂ 5,555ಕ್ಕೂ ವಿಮಾನದಲ್ಲಿ ಒಂದು ನಿಮಿಷದ ಅಂತರ. ಇಷ್ಟಕ್ಕೆ ತಲೆಕೆಡಿಸಿಕೊಳ್ಳುವವರು ಮುಂದಿನ ಹಂತದಲ್ಲಿ ನೂರಾರು ಕಿಲೋಮೀಟರ್ ಕಳೆದುಕೊಳ್ಳುವುದನ್ನು ಗಮನಿಸುವುದೇ ಇಲ್ಲ.

ಸ್ಪ್ರೆಡ್‌ಶೀಟ್ ಬಳಸುವವರಿಗೆ: ಅದರ ಸೈನ್, ಕೊಸೈನ್‌ಗಳು ಕೋನವನ್ನು ರೇಡಿಯನ್‌ನಲ್ಲಿ (ಕೋನದ ಇನ್ನೊಂದು ಅಳತೆ; 180 ಡಿಗ್ರಿ ಎಂದರೆ 3.1416 ರೇಡಿಯನ್) ಕೇಳುತ್ತವೆ. ಡಿಗ್ರಿಯನ್ನು ಹಾಗೆಯೇ ಕೊಟ್ಟರೆ ಯಾವ ದೋಷ ಸಂದೇಶವೂ ಬರುವುದಿಲ್ಲ, ಅರ್ಥವಿಲ್ಲದ ಅಂಕಿ ಮಾತ್ರ ಬರುತ್ತದೆ. ಪ್ರತಿ ಕೋನವನ್ನೂ ಮೊದಲು ರೇಡಿಯನ್‌ಗೆ ಬದಲಿಸಿ, ಕೊನೆಯ ಕೋನವನ್ನು 6,371ರಿಂದ ಗುಣಿಸಿ.

ಸೂತ್ರ ಬೇಡವೆನ್ನುವವರಿಗೆ: ಗ್ರೇಟ್ ಸರ್ಕಲ್ ಮ್ಯಾಪರ್ ತಾಣದಲ್ಲಿ ಎರಡು ಕೋಡ್ ಕೊಟ್ಟರೆ ಸಾಕು. ಗೂಗಲ್ ಅರ್ಥ್‌ನ ಅಳತೆ ಸಾಧನವೂ ಆದೀತು. ಗೂಗಲ್ ಮ್ಯಾಪ್ಸ್‌ನಲ್ಲಿ ದಾರಿ ಕೇಳಿದರೆ ಬರುವುದು ರಸ್ತೆಯ ದೂರ. ಅದನ್ನು ತಂದು ಇಲ್ಲಿ ಹಾಕಬೇಡಿ. ದಾರದಿಂದಾದರೆ, ಎರಡು ಊರುಗಳ ನಡುವಿನ ದಾರದ ಉದ್ದವನ್ನು ಗ್ಲೋಬಿನ ಸುತ್ತಳತೆಯಿಂದ ಭಾಗಿಸಿ 40,000ದಿಂದ ಗುಣಿಸಿ.

ಉತ್ತರ ಬಂದ ಕೂಡಲೇ ಪಕ್ಕದಲ್ಲಿ ಮಾನ ಬರೆಯಿರಿ. ಒಂದು ಸಾಮಾನ್ಯ ಮೈಲಿ 1.609 ಕಿ.ಮೀ., ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ವಿಮಾನ ತಯಾರಕರು ತಮ್ಮ ವಿಮಾನ ಎಷ್ಟು ದೂರ ಹಾರಬಲ್ಲದು ಎಂದು ಹೇಳುವುದು ಸಾಮಾನ್ಯವಾಗಿ ನಾಟಿಕಲ್ ಮೈಲಿಯಲ್ಲಿ. ಎರಡು ಮೈಲಿಗಳನ್ನು ಒಂದೇ ಎಂದುಕೊಂಡರೆ ಶೇ. 15ರಷ್ಟು ತಪ್ಪುತ್ತದೆ.

## ಹಂತ 4: ವಿಮಾನ ನಿಜಕ್ಕೂ ಹೋಗುವ ದಾರಿ ಯಾವುದೆಂದು ನೋಡಿ

ಮಹಾವೃತ್ತದ ದೂರ ಕನಿಷ್ಠ ದೂರ. ವಿಮಾನ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಹಾರುತ್ತದೆ. ರನ್‌ವೇ ಯಾವ ದಿಕ್ಕಿಗಿದೆಯೋ ಆ ಕಡೆ ಏರಿ ತಿರುಗಬೇಕು, ನಿಗದಿತ ವಾಯುಮಾರ್ಗ ಹಿಡಿಯಬೇಕು, ಗುಡುಗು ಮೋಡಗಳನ್ನು ಬಳಸಿ ಹೋಗಬೇಕು, ಇಳಿಯುವಾಗ ಸರದಿ ಕಾಯಬೇಕು. ಎರಡು ಎಂಜಿನ್ನಿನ ವಿಮಾನವಾದರೆ, ಒಂದು ಎಂಜಿನ್ ಕೆಟ್ಟರೂ ನಿಗದಿತ ಸಮಯದೊಳಗೆ ಇಳಿಯಬಹುದಾದ ನಿಲ್ದಾಣ ದಾರಿಯುದ್ದಕ್ಕೂ ಇರಬೇಕೆಂಬ ನಿಯಮವೂ ಇದೆ. ಇವಕ್ಕೆಲ್ಲ ಸೇರಿ ದೂರದ ಹಾರಾಟಕ್ಕೆ ಶೇ. 4 ಸೇರಿಸುವುದು ನನ್ನ ರೂಢಿ. 5,540 ಆಗ 5,760 ಆಗುತ್ತದೆ.

ಮುಚ್ಚಿದ ವಾಯುಪ್ರದೇಶ ಅಡ್ಡಬಂದರೆ ಶೇ. 4 ಎಲ್ಲಿಗೂ ಸಾಲದು. ಇದಕ್ಕೆ ಹೆಲ್ಸಿಂಕಿ–ಟೋಕಿಯೋ ದಾರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮಹಾವೃತ್ತದ ದೂರ ಸುಮಾರು 7,800 ಕಿ.ಮೀ., ಅದರ ಬಹುಪಾಲು ರಷ್ಯಾದ ಮೇಲೆ. 2022ರ ಫೆಬ್ರುವರಿ ಕೊನೆಯಿಂದ ಯುರೋಪಿಯನ್ ಒಕ್ಕೂಟದ ವಿಮಾನಗಳಿಗೆ ಆ ಆಕಾಶ ಮುಚ್ಚಿದೆ. ಒಂಬತ್ತೂವರೆ ಗಂಟೆ ಹಿಡಿಯುತ್ತಿದ್ದ, ಫಿನ್ಲೆಂಡಿನ ವಿಮಾನ ಸಂಸ್ಥೆ ಫಿನ್ನೇರ್‌ನ ಹಾರಾಟ ಆಮೇಲೆ ಸುಮಾರು 13 ಗಂಟೆ ಆಯಿತು. ಉತ್ತರ ಧ್ರುವದ ಮೇಲಿಂದ ಹೋಗಬೇಕು, ಇಲ್ಲವೇ ದಕ್ಷಿಣದಿಂದ ಸುತ್ತಬೇಕು.

ಇಂಥ ದಾರಿಯನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಸುತ್ತುದಾರಿಯ ಮೇಲೆ ಒಂದೆರಡು ಬಿಂದು ಆರಿಸಿ, ಪ್ರತಿ ತುಂಡಿಗೂ ಹಂತ 3ರ ಸೂತ್ರ ಹಾಕಿ ಕೂಡಿಸಿ:

1. ಹೆಲ್ಸಿಂಕಿಯಿಂದ ಉತ್ತರ ಧ್ರುವ: ಹೆಲ್ಸಿಂಕಿಯ ಅಕ್ಷಾಂಶ 60.3, ಧ್ರುವಕ್ಕೆ ಉಳಿದದ್ದು 29.7 ಡಿಗ್ರಿ, ಅಂದರೆ 3,300 ಕಿ.ಮೀ. ಧ್ರುವ ಒಂದು ತುದಿಯಾದರೆ ಸೂತ್ರವೇ ಬೇಡ, 90ರಿಂದ ಅಕ್ಷಾಂಶ ಕಳೆದರೆ ಸಾಕು.
2. ಧ್ರುವದಿಂದ ಬೇರಿಂಗ್ ಜಲಸಂಧಿ (66 ಉತ್ತರ, 169 ಪಶ್ಚಿಮ): 24 ಡಿಗ್ರಿ, 2,670 ಕಿ.ಮೀ.
3. ಅಲ್ಲಿಂದ ಟೋಕಿಯೋ: ಸೂತ್ರದಿಂದ ಸುಮಾರು 4,700 ಕಿ.ಮೀ.

ಒಟ್ಟು 10,700 ಕಿ.ಮೀ. ಹತ್ತಿರ, ಮಹಾವೃತ್ತಕ್ಕಿಂತ ಮೂರು ಸಾವಿರದಷ್ಟು ಹೆಚ್ಚು. ಮುಂದಿನ ಹಂತದ ಸೂತ್ರಕ್ಕೆ ಇದನ್ನು ಹಾಕಿದರೆ 13 ಗಂಟೆಯೇ ಬರುತ್ತದೆ.

ಯಾವ ಆಕಾಶ ಯಾರಿಗೆ ಮುಚ್ಚಿದೆ ಎಂಬುದು ವಿಮಾನ ಸಂಸ್ಥೆಯ ದೇಶವನ್ನೂ ಅವಲಂಬಿಸುತ್ತದೆ. ಒಂದೇ ಎರಡು ನಗರಗಳ ನಡುವೆ ಒಂದು ಸಂಸ್ಥೆಯ ವಿಮಾನ ನೇರ ಹಾರಿದರೆ ಇನ್ನೊಂದರದ್ದು ಸುತ್ತಿ ಹೋಗಬಹುದು. ಆದ್ದರಿಂದ ನೀವು ಹತ್ತುವ ಸಂಸ್ಥೆಯ ಇತ್ತೀಚಿನ ಜಾಡನ್ನೇ ನೋಡಿ.

## ಹಂತ 5: ದೂರವನ್ನು ಗಂಟೆಗೆ ತಿರುಗಿಸಿ

ದೊಡ್ಡ ವಿಮಾನಗಳಾದ ಏರ್‌ಬಸ್ ಎ350, ಬೋಯಿಂಗ್ 787 ಸುಮಾರು ಮ್ಯಾಕ್ 0.85ರಲ್ಲಿ ಹಾರುತ್ತವೆ, ಅಂದರೆ ಶಬ್ದದ ವೇಗದ ಶೇ. 85. ಆ ಎತ್ತರದಲ್ಲಿ ಹವೆ ಮೈನಸ್ 56 ಡಿಗ್ರಿಯಷ್ಟು ತಣ್ಣಗಿರುವುದರಿಂದ ಶಬ್ದದ ವೇಗವೂ ಕಡಿಮೆ, ಗಂಟೆಗೆ ಸುಮಾರು 1,060 ಕಿ.ಮೀ. ಹಾಗಾಗಿ ವಿಮಾನದ ವೇಗ 900 ಕಿ.ಮೀ. ಎಂದಾಯಿತು. ಎ320, ಬೋಯಿಂಗ್ 737 ತರಹದ ಚಿಕ್ಕವು ಮ್ಯಾಕ್ 0.78ರ ಸುತ್ತಮುತ್ತ, ಅಂದರೆ ಸುಮಾರು 830.

ಈ ವೇಗ ಬರುವುದು ಮೇಲೇರಿದ ಮೇಲೆ. ಏರುವಾಗ, ಇಳಿಯುವಾಗ ನಿಧಾನ. ಗೇಟಿನಿಂದ ರನ್‌ವೇವರೆಗೆ, ಮತ್ತೆ ರನ್‌ವೇಯಿಂದ ಗೇಟಿನವರೆಗೆ ನೆಲದ ಮೇಲೆ ಉರುಳುವ ಹೊತ್ತೂ ಇದೆ. ಎಲ್ಲ ಸೇರಿಸಿ 40 ನಿಮಿಷ ಹಿಡಿಯಿರಿ:

ಅವಧಿ = (ದೂರ × 1.04 ÷ 900) + 40 ನಿಮಿಷ. ಇಲ್ಲಿ ದೂರ ಎಂದರೆ ಹಂತ 3ರ ದೂರ, ಸುತ್ತುದಾರಿಯಾದರೆ ತುಂಡುಗಳ ಮೊತ್ತ.

ನ್ಯೂಯಾರ್ಕ್–ಲಂಡನ್: 5,760 ÷ 900 = 6.4 ಗಂಟೆ, 40 ನಿಮಿಷ ಸೇರಿಸಿದರೆ 7 ಗಂಟೆ 4 ನಿಮಿಷ.

ಅವಧಿ ಎಂಬುದಕ್ಕೆ ಎರಡು ಅರ್ಥಗಳಿವೆ. ಚಕ್ರ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗಿನದ್ದು ಒಂದು, ಗೇಟ್ ಬಿಟ್ಟಾಗಿನಿಂದ ಗೇಟ್ ಸೇರುವವರೆಗಿನದ್ದು ಇನ್ನೊಂದು. ಟಿಕೆಟ್ಟಿನಲ್ಲಿರುವುದು ಎರಡನೆಯದು. ಜಾಡು ತೋರಿಸುವ ತಾಣಗಳಲ್ಲಿ ಸಾಮಾನ್ಯವಾಗಿ ಮೊದಲನೆಯದು ಎದ್ದು ಕಾಣುತ್ತದೆ. ಟಿಕೆಟ್ಟಿನಲ್ಲಿ 8 ಗಂಟೆ ಎಂದಿದೆ, ತಾಣ 7 ಗಂಟೆ 10 ನಿಮಿಷ ತೋರಿಸುತ್ತಿದೆ ಎಂಬ ಗೊಂದಲದ ಮೂಲ ಬಹುಪಾಲು ಇಲ್ಲೇ ಇರುತ್ತದೆ. ಜೊತೆಗೆ ವಿಮಾನ ಸಂಸ್ಥೆಗಳು ತಡವಾದೀತೆಂದು ವೇಳಾಪಟ್ಟಿಯಲ್ಲಿ ಕೆಲವು ನಿಮಿಷ ಸಡಿಲ ಬಿಟ್ಟಿರುತ್ತವೆ. ತಡವಾಗಿ ಹೊರಟ ವಿಮಾನ ಹೊತ್ತಿಗೆ ಸರಿಯಾಗಿ ಮುಟ್ಟುವ ಪವಾಡದ ಹಿಂದೆ ಹೆಚ್ಚಾಗಿ ಈ ಸಡಿಲವೇ ಇರುತ್ತದೆ.

## ಹಂತ 6: ಗಾಳಿಯನ್ನು ಸೇರಿಸಿ

ನ್ಯೂಯಾರ್ಕಿನಿಂದ ಲಂಡನ್ನಿಗೆ ಹೋಗುವಾಗ 7 ಗಂಟೆ, ಬರುವಾಗ 8 ಗಂಟೆ ಯಾಕೆ? ಭೂಮಿ ಕೆಳಗೆ ತಿರುಗುತ್ತಿರುವುದರಿಂದ ಎಂದು ಹೇಳುವವರು ಈಗಲೂ ಸಿಗುತ್ತಾರೆ. ಕಾರಣ ಅದಲ್ಲ. ಗಾಳಿಯ ಪದರವೂ ಭೂಮಿಯ ಜೊತೆಗೇ ತಿರುಗುತ್ತದೆ, ವಿಮಾನ ಆ ಗಾಳಿಯೊಳಗೇ ಇದೆ. ವ್ಯತ್ಯಾಸ ಮಾಡುವುದು ಜೆಟ್ ಸ್ಟ್ರೀಮ್. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಸಮಶೀತೋಷ್ಣ ಅಕ್ಷಾಂಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ ಅದು. ಚಳಿಗಾಲದಲ್ಲಿ ಜೋರು, ಬೇಸಿಗೆಯಲ್ಲಿ ಮೆತ್ತಗೆ.

ಮೋಟಾದ ಲೆಕ್ಕಕ್ಕೆ ಹೀಗೆ ಮಾಡಿ. ಈ ಅಕ್ಷಾಂಶಗಳಲ್ಲಿ ಪೂರ್ವಕ್ಕೆ ಹಾರುವಾಗ ವೇಗಕ್ಕೆ 60 ಕಿ.ಮೀ. ಸೇರಿಸಿ, ಪಶ್ಚಿಮಕ್ಕಾದರೆ 60 ಕಳೆಯಿರಿ. ಚಳಿಗಾಲದಲ್ಲಿ 60ರ ಬದಲು 100 ಹಿಡಿಯಿರಿ. ಉತ್ತರ–ದಕ್ಷಿಣವಾಗಿ ಹಾರುವಾಗ, ಅಥವಾ ಸಮಭಾಜಕದ ಆಸುಪಾಸಿನಲ್ಲಿ, ಏನೂ ಮುಟ್ಟಬೇಡಿ.

ನ್ಯೂಯಾರ್ಕಿನಿಂದ ಲಂಡನ್‌ಗೆ 5,760 ÷ 960, ಜೊತೆಗೆ 40 ನಿಮಿಷ: 6 ಗಂಟೆ 40 ನಿಮಿಷ. ಮರಳಿ ಬರುವಾಗ 5,760 ÷ 840, ಜೊತೆಗೆ 40 ನಿಮಿಷ: 7 ಗಂಟೆ 30 ನಿಮಿಷ. ವೇಳಾಪಟ್ಟಿಯ ಸಡಿಲ ಸೇರಿದರೆ ಟಿಕೆಟ್ಟಿನ ಏಳು, ಎಂಟು ಗಂಟೆಗಳಿಗೆ ಇದು ಹೊಂದುತ್ತದೆ.

ಗಾಳಿ ಹೋಗುವಾಗ ಉಳಿಸಿದ್ದನ್ನು ಬರುವಾಗ ಕಳೆಯುತ್ತದೆ, ಒಟ್ಟಿನಲ್ಲಿ ಸರಿಹೋಗುತ್ತದೆ ಎಂಬ ನಂಬಿಕೆಯೂ ತಪ್ಪು. ಗಂಟೆಗೆ 100 ಕಿ.ಮೀ. ಗಾಳಿಯಿದ್ದರೆ 5,760 ಕಿ.ಮೀ.ಗೆ ಹೋಗುವಾಗ 5.76 ಗಂಟೆ, ಬರುವಾಗ 7.2 ಗಂಟೆ, ಒಟ್ಟು 12.96. ಗಾಳಿಯೇ ಇಲ್ಲದಿದ್ದರೆ 12.8. ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಹೆಚ್ಚಾದ್ದರಿಂದ ಒಟ್ಟು ಪ್ರಯಾಣ ಉದ್ದವಾಗುತ್ತದೆ.

ಗಾಳಿ ಎಷ್ಟು ಅತಿಗೆ ಹೋಗಬಲ್ಲದು ಎಂಬುದಕ್ಕೆ 2020ರ ಫೆಬ್ರುವರಿ 9 ಸಾಕ್ಷಿ. ಸಿಯಾರಾ ಬಿರುಗಾಳಿಯ ಹೊತ್ತಿನ ಜೆಟ್ ಸ್ಟ್ರೀಮ್ ಹಿಡಿದ ಬ್ರಿಟಿಷ್ ಏರ್‌ವೇಸ್ ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ನೆಲಕ್ಕೆ ಹೋಲಿಸಿದರೆ ಅದರ ವೇಗ ಗಂಟೆಗೆ 1,300 ಕಿ.ಮೀ. ಮೀರಿತ್ತು. ಶಬ್ದದ ವೇಗವನ್ನು ಅದು ದಾಟಿರಲಿಲ್ಲ, ಯಾಕೆಂದರೆ ಆ ಎಣಿಕೆ ನಡೆಯುವುದು ಸುತ್ತಲಿನ ಗಾಳಿಗೆ ಹೋಲಿಸಿ. ಇಂಥ ದಿನದ ಅಂಕಿಯನ್ನು ಹಿಡಿದು ಯೋಜನೆ ಹಾಕಬೇಡಿ.

## ಹಂತ 7: ನಡುವೆ ನಿಲುಗಡೆ ಇದ್ದರೆ

ಟಿಕೆಟ್ಟಿನಲ್ಲಿ ಡೈರೆಕ್ಟ್ ಎಂದಿದ್ದರೆ ನಡುವೆ ಎಲ್ಲೂ ನಿಲ್ಲುವುದಿಲ್ಲ ಎಂದು ಅರ್ಥವಲ್ಲ. ಒಂದೇ ಸಂಖ್ಯೆಯ ವಿಮಾನ ನಡುವೆ ಇಳಿದು ಮತ್ತೆ ಏರಬಹುದು. ಸಿಂಗಾಪುರ್ ಏರ್‌ಲೈನ್ಸ್ ಸಿಂಗಾಪುರದಿಂದ ನ್ಯೂಯಾರ್ಕಿಗೆ ಫ್ರಾಂಕ್‌ಫರ್ಟ್ ಮೂಲಕ ಒಂದೇ ಸಂಖ್ಯೆಯಲ್ಲಿ ಹಾರಿಸುವ ಸೇವೆ ಈ ಬಗೆಯದು. ಅದೇ ಸಂಸ್ಥೆ ಅದೇ ಎರಡು ನಗರಗಳ ನಡುವೆ ನಾನ್‌ಸ್ಟಾಪ್ ಕೂಡ ಹಾರಿಸುತ್ತದೆ: ಸುಮಾರು 15,350 ಕಿ.ಮೀ., ಹದಿನೆಂಟು ಗಂಟೆಗೂ ಹೆಚ್ಚು. ಹುಡುಕುವಾಗ ನಾನ್‌ಸ್ಟಾಪ್ ಎಂಬ ಪದವನ್ನೇ ನೋಡಿ.

ನಿಲುಗಡೆ ಇದ್ದರೆ ಪ್ರತಿ ತುಂಡಿಗೂ 3ರಿಂದ 6ರವರೆಗಿನ ಹಂತಗಳನ್ನು ಬೇರೆಬೇರೆ ಮಾಡಿ. ಆ 40 ನಿಮಿಷ ಪ್ರತಿ ತುಂಡಿಗೂ ಮತ್ತೆ ಬರುತ್ತದೆ. ಲಂಡನ್–ಸಿಡ್ನಿ ಮಹಾವೃತ್ತ ಸುಮಾರು 17,000 ಕಿ.ಮೀ. ಸಿಂಗಾಪುರದ ಮೂಲಕ ಹೋದರೆ 10,880 ಮತ್ತು 6,290, ಒಟ್ಟು 17,170. ಊರು ದಾರಿಯ ಮೇಲೇ ಇರುವುದರಿಂದ ಹೆಚ್ಚುವರಿ ದೂರ ಇಲ್ಲವೆಂದೇ ಹೇಳಬಹುದು. ಅದೇ ಲಾಸ್ ಏಂಜಲೀಸ್ ಮೂಲಕವಾದರೆ 20,800 ದಾಟುತ್ತದೆ. ಅಗ್ಗದ ಟಿಕೆಟ್ ಎಂದು ಎರಡನೆಯದನ್ನು ಆರಿಸುವ ಮುನ್ನ ಆ ಹೆಚ್ಚುವರಿ ನಾಲ್ಕು ಗಂಟೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸಿಂಗಾಪುರ ದಾರಿಯಲ್ಲಿ ಗಾಳಿಯನ್ನು ಬಿಟ್ಟರೆ ಹಾರಾಟ 13 ಗಂಟೆ 15 ನಿಮಿಷ ಮತ್ತು 7 ಗಂಟೆ 55 ನಿಮಿಷ. ಇದಕ್ಕೆ ನಿಲುಗಡೆಯ ಹೊತ್ತು ಸೇರಿಸಿ. ಎರಡು ತುಂಡುಗಳಿಗೂ ಒಂದೇ ಟಿಕೆಟ್ ಇದ್ದರೆ ಸಂಪರ್ಕ ತಪ್ಪಿದಾಗ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ವಿಮಾನ ಸಂಸ್ಥೆಯದು. ಬೇರೆಬೇರೆ ಕೊಂಡಿದ್ದರೆ ಆ ಹೊಣೆ ಸಾಮಾನ್ಯವಾಗಿ ನಿಮ್ಮದೇ. ಲಗೇಜ್ ತೆಗೆದುಕೊಂಡು ಮತ್ತೆ ಚೆಕ್‌ಇನ್ ಮಾಡುವ ಹೊತ್ತನ್ನೂ ಆಗ ಸೇರಿಸಬೇಕು.

## ಹಂತ 8: ಕೊನೆಗೆ ಗಡಿಯಾರ

ತಲುಪುವ ಹೊತ್ತಿನಿಂದ ಹೊರಡುವ ಹೊತ್ತನ್ನು ನೇರವಾಗಿ ಕಳೆಯಬೇಡಿ. ಎರಡೂ ಸ್ಥಳೀಯ ಹೊತ್ತುಗಳು. ಯುಟಿಸಿಯನ್ನು ನಡುವೆ ತಂದುಕೊಳ್ಳಿ:

1. ಹೊರಡುವ ಹೊತ್ತನ್ನು ಯುಟಿಸಿಗೆ ಬದಲಿಸಿ. ಟೋಕಿಯೋ ಯುಟಿಸಿಗಿಂತ 9 ಗಂಟೆ ಮುಂದೆ, ಹಾಗಾಗಿ ಸಂಜೆ 5 ಗಂಟೆ ಎಂದರೆ ಯುಟಿಸಿ ಬೆಳಗ್ಗೆ 8.
2. ಹಾರಾಟದ ಅವಧಿ ಸೇರಿಸಿ. 10 ಗಂಟೆ ಸೇರಿಸಿದರೆ ಯುಟಿಸಿ ಸಂಜೆ 6.
3. ತಲುಪುವ ಊರಿನ ಹೊತ್ತಿಗೆ ಬದಲಿಸಿ. ಲಾಸ್ ಏಂಜಲೀಸ್ ಚಳಿಗಾಲದಲ್ಲಿ ಯುಟಿಸಿಗಿಂತ 8 ಗಂಟೆ ಹಿಂದೆ, ಆದ್ದರಿಂದ ಬೆಳಗ್ಗೆ 10.

ಅಂದರೆ ಸಂಜೆ 5ಕ್ಕೆ ಹೊರಟವರು ಅದೇ ದಿನ ಬೆಳಗ್ಗೆ 10ಕ್ಕೆ ಇಳಿಯುತ್ತಾರೆ. ದಿನಾಂಕ ರೇಖೆ ದಾಟಿದ್ದರಿಂದ ಹೀಗಾಗುತ್ತದೆ. ಟಿಕೆಟ್ ತಪ್ಪಾಗಿದೆ ಎಂದು ಯಾರನ್ನೂ ದೂರಬೇಕಿಲ್ಲ. ಮರಳುವಾಗ ಬೆಳಗ್ಗೆ 11ಕ್ಕೆ ಹೊರಟು 11 ಗಂಟೆ 45 ನಿಮಿಷ ಹಾರಿದರೆ ಟೋಕಿಯೋದಲ್ಲಿ ಮರುದಿನ ಮಧ್ಯಾಹ್ನ 3.45 ಆಗಿರುತ್ತದೆ. ಹೋಟೆಲ್ ಕಾಯ್ದಿರಿಸುವಾಗ ದಿನಾಂಕ ತಪ್ಪುವುದು ಇಂಥ ದಾರಿಗಳಲ್ಲೇ.

ಯುಟಿಸಿ ವ್ಯತ್ಯಾಸವನ್ನು ಭೂಪಟ ನೋಡಿ ಊಹಿಸಬೇಡಿ. ಚೀನಾ ಇಡೀ ದೇಶಕ್ಕೆ ಒಂದೇ ಹೊತ್ತು ಇಟ್ಟುಕೊಂಡಿದೆ. ಸ್ಪೇನ್ ಲಂಡನ್ನಿನ ನೇರಕ್ಕಿದ್ದರೂ ಅದರ ಗಡಿಯಾರ ಒಂದು ಗಂಟೆ ಮುಂದೆ. ಯುಟಿಸಿಗಿಂತ ಭಾರತ ಐದೂವರೆ ಗಂಟೆ, ನೇಪಾಳ ಐದೂಮುಕ್ಕಾಲು ಗಂಟೆ ಮುಂದೆ.

ಇದೆಲ್ಲ ಸರಿ ಮಾಡಿದ ಮೇಲೂ ಡೇಲೈಟ್ ಸೇವಿಂಗ್, ಅಂದರೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ, ಕಾಲೆಳೆಯುತ್ತದೆ. ಅಮೆರಿಕ ತನ್ನ ಗಡಿಯಾರವನ್ನು ಮಾರ್ಚ್ ಎರಡನೇ ಭಾನುವಾರ ಮುಂದೂಡಿ ನವೆಂಬರ್ ಮೊದಲ ಭಾನುವಾರ ಹಿಂದೂಡುತ್ತದೆ. ಬ್ರಿಟನ್ ಮತ್ತು ಯುರೋಪ್ ಮಾರ್ಚ್ ಹಾಗೂ ಅಕ್ಟೋಬರ್‌ಗಳ ಕೊನೆಯ ಭಾನುವಾರ ಬದಲಿಸುತ್ತವೆ. ಹಾಗಾಗಿ ಲಂಡನ್–ನ್ಯೂಯಾರ್ಕ್ ಅಂತರ ವರ್ಷದ ಬಹುಪಾಲು 5 ಗಂಟೆಯಾದರೂ ಮಾರ್ಚ್‌ನ ಎರಡು-ಮೂರು ವಾರ ಮತ್ತು ಅಕ್ಟೋಬರ್ ಕೊನೆಯ ಒಂದು ವಾರ 4 ಗಂಟೆ. ದಕ್ಷಿಣ ಗೋಳಾರ್ಧದಲ್ಲಿ ಎಲ್ಲ ತಿರುವುಮುರುವು. ಲಂಡನ್–ಸಿಡ್ನಿ ಅಂತರ ವರ್ಷದಲ್ಲಿ ಒಮ್ಮೆ 9, ಒಮ್ಮೆ 11, ನಡುವಿನ ಕೆಲವು ವಾರ 10. ಪ್ರಯಾಣದ ದಿನಾಂಕ ಹಾಕಿಯೇ ಹುಡುಕಿ.

## ಹಂತ 9: ತಾಳೆ ನೋಡಿ

ಜಾಡು ತೋರಿಸುವ ತಾಣದಲ್ಲಿ ಅದೇ ವಿಮಾನ ಸಂಖ್ಯೆಯ ಕಳೆದ ಒಂದು ವಾರದ ಹಾರಾಟಗಳನ್ನು ನೋಡಿ. ಒಂದೇ ದಿನದ್ದನ್ನು ನಂಬಬೇಡಿ. ನಿಮ್ಮ ಅಂದಾಜು ಆ ವಾರದ ಕನಿಷ್ಠ, ಗರಿಷ್ಠಗಳ ನಡುವೆ ಇದ್ದರೆ ಕೆಲಸ ಆಯಿತು. ಉತ್ತರವನ್ನೂ ಒಂದೇ ಅಂಕಿಯಾಗಿ ಬರೆಯದೆ "ಆರೂವರೆಯಿಂದ ಏಳು ಗಂಟೆ" ಎಂದೇ ಬರೆಯಿರಿ. ನಿಮಿಷದ ಲೆಕ್ಕದಲ್ಲಿ ಹಾರಾಟದ ಅವಧಿ ಹೇಳುವ ಪುಟಗಳ ಮೇಲೆ ನನಗೆ ಅಷ್ಟಾಗಿ ವಿಶ್ವಾಸವಿಲ್ಲ. ಅವುಗಳಲ್ಲಿ ಬಹಳಷ್ಟು ಮಹಾವೃತ್ತದ ದೂರವನ್ನು ಒಂದು ವೇಗದಿಂದ ಭಾಗಿಸಿ ಕೈತೊಳೆದುಕೊಂಡಿರುತ್ತವೆ.

ಲೆಕ್ಕ ಹಳಿ ತಪ್ಪಿದೆ ಎಂದು ತಿಳಿಯುವ ಸೂಚನೆಗಳು:

- ಒಂದು ತುಂಡಿನ ಮಹಾವೃತ್ತದ ದೂರ 20,040 ಕಿ.ಮೀ. ಮೀರಿದೆ. ಭೂಮಿಯ ಅರ್ಧ ಸುತ್ತೇ ಅಷ್ಟು. ಅದಕ್ಕಿಂತ ದೂರದ ಊರು ಭೂಮಿಯ ಮೇಲೆ ಇರಲಾರದು.
- ವಿಲೋಮ ಕೊಸೈನ್ ಒತ್ತಿದಾಗ ದೋಷ ಬರುತ್ತದೆ. ಆವರಣದೊಳಗಿನ ಮೊತ್ತ 1ನ್ನು ಮೀರಿದೆ, ಗುಣಾಕಾರದಲ್ಲಿ ಎಲ್ಲೋ ತಪ್ಪಿದೆ.
- ಗ್ಲೋಬಿನ ದಾರಕ್ಕೂ ಸೂತ್ರಕ್ಕೂ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ. ಮೊದಲು ಋಣ ಚಿಹ್ನೆ, ಆಮೇಲೆ ರೇಡಿಯನ್ ನೋಡಿ.
- ಎರಡು ಮೂಲಗಳ ದೂರದ ಅನುಪಾತ 1.6, 1.85 ಅಥವಾ 1.15ರ ಹತ್ತಿರ. ಮೈಲಿ, ನಾಟಿಕಲ್ ಮೈಲಿ, ಕಿಲೋಮೀಟರ್ ಬೆರಕೆಯಾಗಿದೆ.
- ದೂರವನ್ನು ಅವಧಿಯಿಂದ ಭಾಗಿಸಿದರೆ ಗಂಟೆಗೆ 1,000 ಕಿ.ಮೀ. ಮೀರುತ್ತದೆ. ಗಡಿಯಾರದ ಹಂತದಲ್ಲಿ ಟೈಮ್ ಝೋನನ್ನು ತಿರುವುಮುರುವು ಮಾಡಿದ್ದೀರಿ.
- ಅದೇ ಭಾಗಲಬ್ಧ ನಾನ್‌ಸ್ಟಾಪ್ ಹಾರಾಟಕ್ಕೆ 650ಕ್ಕಿಂತ ಕೆಳಗಿದೆ. ವಿಮಾನ ದೊಡ್ಡ ಸುತ್ತು ಹಾಕುತ್ತಿರಬೇಕು, ಅಥವಾ ಡೈರೆಕ್ಟ್ ಎಂಬ ಹೆಸರಿನಲ್ಲಿ ನಡುವೆ ಎಲ್ಲೋ ಇಳಿಯುತ್ತಿರಬೇಕು. ಹೆಲ್ಸಿಂಕಿ–ಟೋಕಿಯೋಗೆ 7,800ನ್ನು 13ರಿಂದ ಭಾಗಿಸಿದರೆ ಸರಿಯಾಗಿ 600 ಬರುತ್ತದೆ.
- ನಿಮ್ಮ ಅಂದಾಜಿಗೂ ವೇಳಾಪಟ್ಟಿಗೂ ಸರಿಯಾಗಿ ಒಂದು ಗಂಟೆ ವ್ಯತ್ಯಾಸ, ಹೆಚ್ಚಿಲ್ಲ ಕಡಿಮೆಯಿಲ್ಲ. ಇದು ಗಾಳಿಯ ಕೆಲಸವಲ್ಲ, ಡೇಲೈಟ್ ಸೇವಿಂಗ್‌ನದು. ದಿನಾಂಕ ಹಾಕಿ ಹಂತ 8ನ್ನು ಮತ್ತೆ ಮಾಡಿ.